ಪೋಲೆಂಡಿನ ಕೋಟೆಗೆ ನಾನು ಮಾಡಿದ ಅನ್ಯಾಯ

ನಮ್ಮ ಟ್ಯಾಕ್ಸ್ ಫೈಲ್ ಮಾಡಿಕೊಡುವ ಮಹಾಶಯರು ಈ ವರ್ಷ ಒಂದು ಕ್ಯಾಲೆಂಡರ್ ಕಳಿಸಿದ್ದಾರೆ. ತಿಂಗಳಿಗೊಂದರಂತೆ ಹನ್ನೆರಡು ಪಾಳು ಕೋಟೆಗಳು. ಜನವರಿಗೆ ಹಿಮ ಹೊದ್ದ ಪಾಳು ಕೋಟೆ, ಏಪ್ರಿಲ್‌ಗೆ ಹೂವಿನ ನಡುವೆ ಪಾಳು ಕೋಟೆ, ಜುಲೈಗೆ ಕುರಿ ಮೇಯುವ ಪಾಳು ಕೋಟೆ. ಟ್ಯಾಕ್ಸ್ ಕಟ್ಟಿದ ಮೇಲೆ ಮನುಷ್ಯ ಏನಾಗುತ್ತಾನೆಂದು ಸೂಚಿಸುವ ಉದ್ದೇಶವೋ ಏನೋ. ನಾನು ಅದನ್ನು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ತೂಗುಹಾಕಿದ್ದೇನೆ. ಹಿಂದಿನ ಬಿಳಿ ಬದಿ ಸಾಮಾನು ಪಟ್ಟಿ ಬರೆಯಲು ಬಹಳ ಅನುಕೂಲವಾಗಿದೆ.

ಬಿದ್ದ ಗೋಡೆ ಕಂಡರೆ ಜನ ಅದೇಕೆ ಅಷ್ಟು ಕರಗಿಹೋಗುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ. ನಮ್ಮ ಮನೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಇನ್ಶೂರೆನ್ಸಿನವರಿಗೆ ಫೋನ್ ಮಾಡುವವರು, ಯಾವುದೋ ರಾಜನ ಗೋಡೆ ಕುಸಿದು ಬಿದ್ದಿದ್ದರೆ ಅದರ ಮುಂದೆ ನಿಂತು ನಿಟ್ಟುಸಿರು ಬಿಡುತ್ತಾರೆ. "ಕಾಲ ಎಷ್ಟು ಕ್ರೂರಿ ನೋಡಿ" ಎನ್ನುತ್ತಾರೆ. ಕಾಲಕ್ಕೆ ಬೇರೆ ಕೆಲಸವಿಲ್ಲವೇ? ನಾನು ಮಿಡಿಗೇಶಿಯವಳು. ನಮ್ಮೂರಲ್ಲಿ ಬೆಟ್ಟದ ಮೇಲೊಂದು ಕೋಟೆ ಇದೆ. ಅದರ ಕೆಳಸುತ್ತಿನ ಗೋಡೆಯನ್ನು ಕೆಡವಿದ್ದು ಕಾಲವಲ್ಲ, ನಮ್ಮಜ್ಜಿ.

ಅಜ್ಜಿ ಒಬ್ಬಳೇ ಕೆಡವಿದಳೆಂದರೆ ಊರಿನ ಉಳಿದವರಿಗೆ ಅವಮಾನ ಮಾಡಿದಂತಾಗುತ್ತದೆ. ಎಲ್ಲರ ಮನೆಯಲ್ಲೂ ಕೋಟೆ ಇತ್ತು. ಒಬ್ಬರ ಬಾವಿಕಟ್ಟೆಯಲ್ಲಿ, ಇನ್ನೊಬ್ಬರ ಜಗಲಿಯಲ್ಲಿ. ನಮ್ಮ ಮನೆಯಲ್ಲಿ ಬಚ್ಚಲಿನ ಹಾಸು, ಬಟ್ಟೆ ಒಗೆಯುವ ಕಲ್ಲು, ಹಿತ್ತಿಲ ಮೆಟ್ಟಿಲು ಎಲ್ಲ ಸೇರಿ ಒಂಬತ್ತು ಕಲ್ಲು. ಸರ್ಕಾರದವರು ಬಂದು, ಇದು ಸಂರಕ್ಷಿತ ಸ್ಮಾರಕ, ಹಾಳುಮಾಡಿದವರಿಗೆ ಶಿಕ್ಷೆ ಎಂದು ನೀಲಿ ಬೋರ್ಡು ನೆಟ್ಟುಹೋದರು. ಬೋರ್ಡಿನ ಕಂಬ ಗಟ್ಟಿಯಾಗಿತ್ತು. ಅಜ್ಜಿ ಅದಕ್ಕೆ ಎಮ್ಮೆ ಕಟ್ಟತೊಡಗಿದಳು. ಐದನೇ ಕ್ಲಾಸಿನಲ್ಲಿ 'ನಮ್ಮೂರ ಕೋಟೆ' ಎಂಬ ಪ್ರಬಂಧ ಬರೆಯಲು ಹೇಳಿದಾಗ ನಾನು, "ನಮ್ಮೂರ ಕೋಟೆಯ ಕಲ್ಲು ಬಹಳ ಒಳ್ಳೆಯದು, ನಮ್ಮ ಮನೆಯಲ್ಲಿ ಒಂಬತ್ತು ಇವೆ" ಎಂದು ಶುರುಮಾಡಿದ್ದೆ. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಅವರ ಮನೆಯಲ್ಲಿ ಎಷ್ಟಿದ್ದವೆಂದು ನನಗೆ ಗೊತ್ತಿತ್ತು, ಆದರೆ ಬೆಂಚಿನ ಮೇಲೆ ನಿಂತವರು ಮಾತಾಡುವಂತಿರಲಿಲ್ಲ.

ಇಂಥ ಹಿನ್ನೆಲೆಯವಳ ಮನೆಗೆ, ನಾರ್ತ್ ಕ್ಯಾರೊಲೈನಾದ ಕ್ಯಾರಿ ಎಂಬ ಊರಿನಲ್ಲಿ, ಪೋಲೆಂಡಿನ ಪಾಳು ಕೋಟೆಯೊಂದು ಬಂದು ಸೇರಿತು. ಅದನ್ನು ಹೇಳಬೇಕೆಂದೇ ಇಷ್ಟು ಪೀಠಿಕೆ.

ನಮ್ಮ ಪಕ್ಕದ ಮನೆಯಲ್ಲಿ ಹಲೀನಾ ಎಂಬುವರಿದ್ದರು. ಪೋಲೆಂಡಿನ ಮೂಲದವರು, ಹುಟ್ಟಿ ಬೆಳೆದದ್ದು ಬಾಲ್ಟಿಮೋರಿನಲ್ಲಿ. ಮೂವತ್ತು ವರ್ಷ ಸರ್ಕಾರಿ ರಸ್ತೆ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಏಕೆಂದು ಒಮ್ಮೆ ಕೇಳಿದ್ದಕ್ಕೆ, "ಬಂದ ಗಂಡುಗಳಿಗೆಲ್ಲ ನೇರ ಗೆರೆ ಎಳೆಯೋಕೆ ಬರ್ತಿರಲಿಲ್ಲ" ಎಂದಿದ್ದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನಾನಿಲ್ಲಿ ಕನ್ನಡದಲ್ಲಿ ಒಪ್ಪಿಸುತ್ತಿದ್ದೇನೆ. ಸುಮಿತ್ರಾ ಎಂಬ ನನ್ನ ಹೆಸರನ್ನು ಮೊದಲ ದಿನವೇ 'ಸೂ' ಎಂದು ಕತ್ತರಿಸಿಟ್ಟರು. ನನಗೂ ಅವರಿಗೂ ಇಪ್ಪತ್ತೈದು ವರ್ಷ ಅಂತರವಿದ್ದರೂ ಚೆನ್ನಾಗಿ ಹೊಂದಿಕೆಯಾಯಿತು. ಇಬ್ಬರಿಗೂ ಯಾರನ್ನೂ ಕಂಡರೆ ಆಗುತ್ತಿರಲಿಲ್ಲ. ಬೇಲಿಯ ಆಚೀಚೆ ನಿಂತು ನಮ್ಮ ಬೀದಿಯವರ ಹುಲ್ಲು, ಕಾರು, ಕ್ರಿಸ್‌ಮಸ್ ದೀಪ ಯಾವುದನ್ನೂ ಬಿಡದೆ ಹಳಿಯುತ್ತಿದ್ದೆವು.

2020ರ ಬೇಸಿಗೆಯಲ್ಲಿ ಅವರು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಿಂದ ನೇರವಾಗಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಗೆ ಹೋದರು. ಪಕ್ಕದ ಮನೆ ಮಾರಾಟವಾಯಿತು. ಸಾಮಾನನ್ನು ದಾನಕ್ಕೆ ಸಾಗಿಸಲು ಲಾರಿ ಬಂದ ದಿನ ಅವರು ನನಗೆ ಫೋನ್ ಮಾಡಿ, "ಸೂ, ಹಾಲ್‌ನಲ್ಲಿರೋ ಆ ದೊಡ್ಡ ಚಿತ್ರ ಮಾತ್ರ ನಿಮ್ಮ ಮನೇಲಿ ಇಟ್ಕೋ. ಆಮೇಲೆ ನೋಡೋಣ" ಎಂದರು.

ಆ ಚಿತ್ರವನ್ನು ವರ್ಣಿಸಬೇಕೆಂದರೆ, ನಾಲ್ಕು ದಿನ ಹಳೆಯ ಹುಣಸೆಹುಳಿ ಗೊಜ್ಜನ್ನು ಕ್ಯಾನ್ವಾಸಿಗೆ ಬಳಿದ ಹಾಗಿತ್ತು. ಮೂರು ಅಡಿ ಅಗಲ. ಕಂದು ಗುಡ್ಡ, ಕಂದು ಆಕಾಶ, ಗುಡ್ಡದ ನೆತ್ತಿಯ ಮೇಲೆ ಛಾವಣಿಯಿಲ್ಲದ ಕೋಟೆ, ಕೆಳಗೆ ಎಡಗಡೆ ಒಂದು ಕೊಟ್ಟಿಗೆ, ಎರಡು ಹಸು, ಒಂದು ಸಣ್ಣ ಹುಡುಗಿ. ಸುತ್ತ ಬಂಗಾರದ ಬಣ್ಣದ, ಬಳ್ಳಿ ಹೂವು ಕೆತ್ತಿದ, ಹೆಣಭಾರದ ಚೌಕಟ್ಟು. ನನ್ನ ಗಂಡ ಶ್ರೀಧರ ಅದನ್ನು ಹೊತ್ತು ತರುವಷ್ಟರಲ್ಲಿ ಬೆನ್ನು ಹಿಡಿದುಕೊಂಡ. ಹೈಸ್ಕೂಲಿನಲ್ಲಿದ್ದ ಮಗಳು ಅದಿತಿ ಒಮ್ಮೆ ನೋಡಿ, "ಅಮ್ಮಾ, ಇಟ್ಸ್ ಸೋ ಡಿಪ್ರೆಸಿಂಗ್. ಗರಾಜ್‌ನಲ್ಲಿ ಇಡು" ಎಂದಳು. ಗರಾಜಿನ ಸೆಕೆಗೆ ಬಣ್ಣ ಕರಗೀತೆಂದು ಒಳಬಾಗಿಲ ಬಳಿ, ಚಪ್ಪಲಿ ಸ್ಟ್ಯಾಂಡಿನ ಮೇಲ್ಗಡೆ ತೂಗುಹಾಕಿದೆವು. ದಿನಾ ಷೂ ಹಾಕಿಕೊಳ್ಳುವಾಗ ಅದರ ಕಡೆ ಒಂದು ಕೆಟ್ಟ ನೋಟ ಬೀರುವುದು ನನಗೆ ಅಭ್ಯಾಸವಾಯಿತು.

ಆಗಸ್ಟಿನಲ್ಲಿ ಹಲೀನಾ ಮತ್ತೆ ಫೋನ್ ಮಾಡಿದರು. ಕೊರೊನಾ ಕಾಲ, ಅವರಿದ್ದಲ್ಲಿ ಆಗ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಹೊರಗಡೆ ಹುಲ್ಲಿನ ಮೇಲೆ ನಿಂತು, ಕಿಟಕಿಯ ಗಾಜಿನಾಚೆ ಇರುವವರ ಜೊತೆ ಫೋನಿನಲ್ಲಿ ಮಾತಾಡಬೇಕು. ಜೈಲಿನಲ್ಲಿದ್ದವರನ್ನು ನೋಡಲು ಹೋದ ಹಾಗೆ.

"ಆ ಚಿತ್ರ ತಗೊಂಡು ಬಾ. ಒಂದು ಸಲ ನೋಡಬೇಕು."

"ಫೋಟೋ ಕಳಿಸ್ತೀನಿ ಹಲೀನಾ."

"ಫೋಟೋದಲ್ಲಿ ನೋಡೋ ಹಾಗಿದ್ರೆ ನಿನಗೆ ಯಾಕೆ ಫೋನ್ ಮಾಡ್ತಿದ್ದೆ?"

 ಹೊರಡುವ ಮುನ್ನ ಚಿತ್ರವನ್ನು ಊಟದ ಮೇಜಿನ ಮೇಲೆ ಮಲಗಿಸಿದೆ. ಧೂಳು. ನಾನು ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಯಾವುದನ್ನಾದರೂ ಒರೆಸದೆ ಬಿಡುವುದು ನನ್ನ ಕೈಗೆ ಗೊತ್ತಿಲ್ಲ. ಆ ದಿನಗಳಲ್ಲಿ ಡಿಸ್‌ಇನ್ಫೆಕ್ಟೆಂಟ್ ವೈಪ್ಸ್, ಅಂದರೆ ಕ್ರಿಮಿನಾಶಕದ ಒದ್ದೆ ಕಾಗದ, ಎಷ್ಟು ಅಪರೂಪವಾಗಿತ್ತೆಂದು ನಿಮಗೂ ನೆನಪಿರಬಹುದು. ಮೂರು ಅಂಗಡಿ ತಿರುಗಿ ಹಿಡಿದು ತಂದ ಡಬ್ಬಿಯಿಂದ, ದೊಡ್ಡ ಮನಸ್ಸು ಮಾಡಿ, ಒಂದನ್ನು ಎಳೆದು ಚೌಕಟ್ಟು ಒರೆಸಿದೆ. ಹಾಗೆಯೇ ಚಿತ್ರದ ಕೆಳಗಿನ ಎಡಮೂಲೆಗೆ ಬಂದೆ. ಅಲ್ಲಿ ಜೇಡದ ಕಾಲಿನಂಥ ಕಪ್ಪು ಗೀರುಗಳಿದ್ದವು. ನಾಲ್ಕು ಸಲ ಉಜ್ಜಿದೆ. ಗೀರು ಹೋಯಿತು, ವೈಪ್ಸ್ ಕಪ್ಪಾಯಿತು. "ಎಷ್ಟು ಕೊಳೆ ಇಟ್ಕೊಂಡಿದ್ರಪ್ಪಾ" ಎಂದು ಹೇಳಿ, ಸಮಾಧಾನದಿಂದ ಕಸದ ಬುಟ್ಟಿಗೆ ಹಾಕಿದೆ.

ಆ ಮಧ್ಯಾಹ್ನ ನಾನೂ ಶ್ರೀಧರನೂ ಮಾಸ್ಕ್ ಹಾಕಿಕೊಂಡು, ಬೆವರು ಸುರಿಸುತ್ತ, ಕೋಟೆಯ ಎರಡು ತುದಿ ಹಿಡಿದು ಕಿಟಕಿಯ ಮುಂದೆ ನಿಂತೆವು. ರಸ್ತೆಯಲ್ಲಿ ಹೋಗುವವರು ಕಾರು ನಿಧಾನ ಮಾಡಿ ನೋಡುತ್ತಿದ್ದರು. ಫೋನ್ ಸ್ಪೀಕರ್ ಮೇಲೆ ನನ್ನ ಜೇಬಿನಲ್ಲಿತ್ತು. ಗಾಜಿನಾಚೆ ಹಲೀನಾ ಗಾಲಿಕುರ್ಚಿಯಲ್ಲಿ ಕೂತಿದ್ದರು, ಎರಡು ತಿಂಗಳಲ್ಲಿ ಅರ್ಧವಾಗಿದ್ದರು. ದನಿ ಮಾತ್ರ ಮೊದಲಿನಂತೆಯೇ ಇತ್ತು.

"ಇನ್ನೂ ಮೇಲೆ."

"ಇನ್ನೂ ಮೇಲೆ ಎತ್ತಿದ್ರೆ ನಾನು ಕೆಳಗೆ ಬೀಳ್ತೀನಿ."

"ಗಿಡ ಅಡ್ಡ ಬಂದಿದೆ, ಹಸು ಕಾಣಿಸ್ತಿಲ್ಲ."

"ಕೋಟೆ ಕಾಣಿಸ್ತಿದೆಯಲ್ಲ?"

"ಕೋಟೆ ಯಾರಿಗೆ ಬೇಕು? ಹಸು ತೋರಿಸು."

ಎತ್ತಿದೆವು. ಅವರು ಗಾಜಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದರು. ಆಮೇಲೆ, "ಆ ಹುಡುಗಿ ನಮ್ಮಜ್ಜಿ" ಎಂದರು.

ಅವರ ಅಜ್ಜಿಯ ಮನೆಯಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರು ಬಾಡಿಗೆಗಿದ್ದನಂತೆ. ಗುಡ್ಡದ ಮೇಲಿನ ಕೋಟೆ ಬರೆಯುತ್ತ ಕೂತವನ ಮುಂದೆ ಈ ಹುಡುಗಿ ದಿನಾ ಹಸು ಹೊಡೆದುಕೊಂಡು ಅಡ್ಡ ಬರುತ್ತಿದ್ದಳಂತೆ. ಓಡಿಸಿ ಸಾಕಾಗಿ ಕೊನೆಗೆ ಅವಳನ್ನೂ ಬರೆದುಬಿಟ್ಟ. ಅವಳ ಮದುವೆಯಲ್ಲಿ ಅದನ್ನೇ ಉಡುಗೊರೆಯಾಗಿ ಕೊಟ್ಟ. ಮುಂದೆ ಅವಳು ಗಂಡ ಮಕ್ಕಳ ಜೊತೆ ಹಡಗು ಹತ್ತಿ ಬಾಲ್ಟಿಮೋರಿಗೆ ಬಂದಾಗ ಚಿತ್ರವನ್ನು ಹಾಸಿಗೆಯೊಳಗೆ ಸುತ್ತಿ ತಂದಳು.

"ಕೊಟ್ಟಿಗೆ ಗೋಡೆ ಸರಿಯಾಗಿ ನೋಡು ಸೂ. ಯಾವ ರೈತ ಕೊಟ್ಟಿಗೆಗೆ ಅಂಥ ಚೌಕ ಕಲ್ಲು ಹಾಕ್ತಾನೆ?"

ನಾನು ಕತ್ತು ಹೊರಳಿಸಿ ನೋಡಿದೆ. ಎರಡು ತಿಂಗಳು ಚಪ್ಪಲಿ ಸ್ಟ್ಯಾಂಡಿನ ಮೇಲೆ ದಿನಾ ಕಂಡಿದ್ದರೂ ಗಮನಿಸಿರಲಿಲ್ಲ. ಕೊಟ್ಟಿಗೆಯ ಕಲ್ಲೂ ಕೋಟೆಯ ಕಲ್ಲೂ ಒಂದೇ ಬಣ್ಣ, ಒಂದೇ ಅಳತೆ. ಕೋಟೆಯ ಗೋಡೆಯಲ್ಲಿ ದೊಡ್ಡ ಬಾಯಿ ತೆರೆದಿದ್ದ ಕಡೆಯಿಂದ ಕೊಟ್ಟಿಗೆಯವರೆಗೆ ಒಂದು ಗಾಡಿಜಾಡೂ ಇತ್ತು.

ನನಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ಚಿತ್ರ ಅಲುಗಿ ಶ್ರೀಧರ, "ಏಯ್, ಸರಿಯಾಗಿ ಹಿಡ್ಕೊಳ್ಳೇ" ಎಂದು ಗದರಿದ. ನಮ್ಮಜ್ಜಿಯ ಒಂಬತ್ತು ಕಲ್ಲಿನ ವಿಷಯ ಕಿಟಕಿಯ ಮೂಲಕ ಹೇಳಿದೆ.

"ಒಂಬತ್ತೇನಾ?" ಎಂದರು ಹಲೀನಾ, ತಾತ್ಸಾರದಿಂದ. "ನಮ್ಮವರು ಇಡೀ ಗೋಡೆ ಹೊತ್ಕೊಂಡು ಬಂದಿದ್ರು. ಆ ದೊರೆ ನಮ್ಮ ಮುತ್ತಾತಂದಿರ ಕೈಲಿ ಬಿಟ್ಟಿ ದುಡಿಸಿ ಕಟ್ಟಿಸಿದ್ದ. ವಾಪಸ್ ತಂದ್ವಿ, ಅಷ್ಟೇ. ಈಗ ಅದರ ಮುಂದೆ ನಿಂತ್ಕೊಂಡು ಯಾರಾದ್ರೂ ಅಯ್ಯೋ ಪಾಪ ಅಂದ್ರೆ ನನಗೆ ಮೈ ಉರಿಯುತ್ತೆ."

ಅಂದಿನಿಂದ ಆ ಚಿತ್ರದ ಮೇಲಿನ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಕೋಟೆಯ ಮೇಲಿನ ತಿರಸ್ಕಾರ ಹಾಗೇ ಇತ್ತು, ಕೊಟ್ಟಿಗೆಯ ಮೇಲೆ ಮಾತ್ರ ನಂಟಸ್ತಿಕೆ ಹುಟ್ಟಿತು.

ಮರುವರ್ಷ ಲಸಿಕೆ ಹಾಕಿಸಿಕೊಂಡ ಧೈರ್ಯದಲ್ಲಿ ಗಣೇಶನ ಹಬ್ಬಕ್ಕೆ ಹತ್ತು ಮನೆಯವರನ್ನು ಕರೆದೆವು. ಬಂದವರೆಲ್ಲ ಚಪ್ಪಲಿ ಬಿಡುವಾಗ ಕೋಟೆಯ ಮುಂದೆ ಬಗ್ಗಲೇಬೇಕಾಯಿತು. ನನ್ನ ಗೆಳತಿಯೊಬ್ಬಳು ರೇಷ್ಮೆ ಸೆರಗು ಎತ್ತಿ ಹಿಡಿದು ಹಿಂದೆ ಸರಿದಳು. "ಸುಮಿ, ಎಂಟ್ರೆನ್ಸ್‌ನಲ್ಲೇ ಒಡೆದ ಗೋಡೆ ಹಾಕಿದೀಯಲ್ಲೇ, ನೆಗೆಟಿವ್ ಎನರ್ಜಿ ಕಣೇ. ನಾವು ನೋಡು, ಬುದ್ಧ ಇಟ್ಟಿದೀವಿ." ಅವರ ಮನೆಯ ಬುದ್ಧ ಬರೀ ತಲೆ, ಕತ್ತಿನಿಂದ ಕೆಳಗೆ ಏನೂ ಇಲ್ಲ. ಅದು ಯಾವ ಬಗೆಯ ಎನರ್ಜಿ ಎಂದು ಕೇಳಬೇಕೆನಿಸಿತು, ಹಬ್ಬವೆಂದು ಸುಮ್ಮನಾದೆ.

ಅಷ್ಟರಲ್ಲಿ ಡಾಕ್ಟರ್ ಸೀತಾರಾಮ್ ಅಂಕಲ್ ಬಂದರು. ಐವತ್ತು ವರ್ಷದ ಹಿಂದೆ ಮೈಸೂರಿನಿಂದ ಬಂದು ಸಾವಿರಾರು ಜನರ ಹೃದಯ ನೋಡಿದವರು. ನಿವೃತ್ತಿಯಾದ ಮೇಲೆ ಯಾವುದೋ ಕಾಲೇಜಿನಲ್ಲಿ ಕಲೆಯ ಬಗ್ಗೆ ಆರು ವಾರದ ಕೋರ್ಸ್ ಮಾಡಿ, ಅಲ್ಲಿಂದ ಈಚೆಗೆ ಹೃದಯದ ಮಾತೆತ್ತುತ್ತಿರಲಿಲ್ಲ. ಒಂದು ಷೂ ಬಿಚ್ಚಿ ಇನ್ನೊಂದನ್ನು ಬಿಚ್ಚದೆ ಚಿತ್ರದ ಮುಂದೆ ನಿಂತುಬಿಟ್ಟರು.

"ಇದು ಯಾರದಮ್ಮ?"

"ನಮ್ಮ ಪಕ್ಕದ ಮನೆ ಪೋಲಿಶ್ ಅಜ್ಜಿದು ಅಂಕಲ್. ಅವರ ಅಜ್ಜಿ ಕಾಲದ್ದಂತೆ."

ಅಂಕಲ್ ಕೈ ಹಿಂದೆ ಕಟ್ಟಿ, ಮುಂದೆ ಬಗ್ಗಿ, ಹಿಂದೆ ವಾಲಿ, ಕಣ್ಣು ಕಿರಿದು ಮಾಡಿ ಐದು ನಿಮಿಷ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಘೋಷಿಸಿದರು. "ನೈಂಟೀನ್ತ್ ಸೆಂಚುರಿ. ಪೋಲಿಶ್. ರಿಯಲಿಸ್ಟ್ ಸ್ಕೂಲ್."

ಎಲ್ಲರೂ ಬೆರಗಾದರು. ಪೋಲಿಶ್ ಎಂದೂ ಅಜ್ಜಿಯ ಅಜ್ಜಿ ಕಾಲದ್ದೆಂದೂ ಆಗಷ್ಟೇ ನಾನೇ ಹೇಳಿದ್ದೆನೆಂಬುದು ಯಾರ ತಲೆಗೂ ಹೊಳೆಯಲಿಲ್ಲ. "ನೋಡಿ, ಈ ರೂಯಿನ್ಸ್‌ನಲ್ಲಿ ಒಂದು ನೇಶನ್‌ನ ಸಾರೋ ಇದೆ. ಟೈಮ್ ಎಷ್ಟು ಕ್ರೂಯೆಲ್" ಎಂದರು ಅಂಕಲ್. ನಾನು ಹಲ್ಲು ಕಚ್ಚಿ ಕೋಸಂಬರಿ ಕಲಸಿದೆ. ನೆಗೆಟಿವ್ ಎನರ್ಜಿಯ ಗೆಳತಿ ಕೋಟೆಯ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡಳು.

"ದೊಡ್ಡ ಹೆಸರು ಇದ್ರೂ ಇರಬಹುದು ಸುಮಿತ್ರಾ. ಮ್ಯೂಸಿಯಂಗೆ ಹೋಗೋ ಪೀಸ್ ಇದು, ಚಪ್ಪಲಿ ಮೇಲೆ ಹಾಕಿದೀಯಲ್ಲಮ್ಮ! ಸೈನ್ ಎಲ್ಲಿದೆ?"

"ಸೈನ್ ಅಂದ್ರೆ?"

"ಸಹಿ ಕಣಮ್ಮ. ಸಾಧಾರಣವಾಗಿ ಕೆಳಗೆ ಮೂಲೇಲಿ ಇರತ್ತೆ. ಸಣ್ಣಕೆ, ಕಪ್ಪಗೆ, ಜೇಡ ನಡೆದ ಹಾಗೆ."

ಕೋಸಂಬರಿಯ ಪಾತ್ರೆ ನನ್ನ ಕೈಯಿಂದ ಜಾರಲಿಲ್ಲ, ಅಷ್ಟೇ. ಮಿಕ್ಕಿದ್ದೆಲ್ಲ ಜಾರಿತು.

ಅತಿಥಿಗಳು ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದ ಶ್ರೀಧರನ ಪಕ್ಕ ಹೋಗಿ ನಿಂತೆ. "ರೀ, ನಾನೊಂದು ಕೆಲಸ ಮಾಡಿಬಿಟ್ಟಿದೀನಿ" ಎಂದು ಎಲ್ಲ ಹೇಳಿದೆ. ಆತ ನಲ್ಲಿ ನಿಲ್ಲಿಸಿದ. "ಯಾವುದರಲ್ಲಿ ಒರೆಸಿದ್ದು, ಬೇಬಿ ವೈಪ್ಸಾ?" ಅಲ್ಲವೆಂದೆ. ಆತ ಮತ್ತೆ ನಲ್ಲಿ ತಿರುಗಿಸಿದ. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಯಾವಾಗ ಮಾತಾಡಬಾರದೆಂದು ಕಲಿತ ಗಂಡ.

ಮಿಡಿಗೇಶಿಯ ಕೋಟೆಯಿಂದ ನಮ್ಮ ಮನೆತನ ಒಂಬತ್ತು ಕಲ್ಲು ಎತ್ತಿಕೊಂಡಿತ್ತು, ನಿಜ. ಆದರೆ ಅದು ಒಗೆಯಲಿಕ್ಕೆ, ಮೆಟ್ಟಲಿಕ್ಕೆ ಬಂತು. ನಾನು ಒಬ್ಬ ಒಂಟಿ ಮುದುಕಿಯ ಹತ್ತಿರ ಉಳಿದಿದ್ದ ಒಂದೇ ಬೆಲೆಬಾಳುವ ವಸ್ತುವನ್ನು, ಯಾರಿಗೂ ಉಪಯೋಗವಿಲ್ಲದ ಹಾಗೆ, ನಿಂಬೆಹಣ್ಣಿನ ವಾಸನೆಯ ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿದ್ದೆ. ಆ ವಾರವೇ ಹಲೀನಾರನ್ನು ನೋಡಲು ಹೋದೆ. ಆಗ ಒಳಗೆ ಬಿಡುತ್ತಿದ್ದರು. ಹೇಳಬೇಕೆಂದೇ ಹೋದವಳು, ಡಾಕ್ಟರ್ ಅಂಕಲ್ ಹೊಗಳಿದ್ದಷ್ಟನ್ನು ಹೇಳಿ, ಸಹಿಯ ಮಾತು ನುಂಗಿಕೊಂಡು ಬಂದೆ. ದೊಡ್ಡ ಬಾಯಿಯವರ ಪುಕ್ಕಲುತನ ಹೀಗೇ ಇರುತ್ತದೆ.

"ಮ್ಯೂಸಿಯಂಗೆ ಹೋಗೋದು ಅಂದ್ರಾ ಆ ಡಾಕ್ಟ್ರು?" ಎಂದು ಹಲೀನಾ ಕೇಳಿದರು. ಆಮೇಲೆ ಕಿಟಕಿಯ ಹತ್ತಿರದ ಖಾಲಿ ಕುರ್ಚಿಯ ಕಡೆ ತಿರುಗಿದರು.

ಎರಡು ವಾರದಲ್ಲಿ ಗ್ರೆಗ್ ಎಂಬಾತನಿಂದ ನನಗೆ ಫೋನ್ ಬಂತು. ಹಲೀನಾರ ಅಣ್ಣನ ಮಗ, ಷಾರ್ಲೆಟ್‌ನ ಒಂದು ಬ್ಯಾಂಕಿನಲ್ಲಿ ಕೆಲಸ. ಸೋದರತ್ತೆಯ ಸೊಂಟ ಮುರಿದಾಗ ಇವನು ಫೋನಿನಲ್ಲಿ ಒಂದು ಹೂವಿನ ಚಿತ್ರ ಕಳಿಸಿದ್ದು ನನಗೆ ಗೊತ್ತಿತ್ತು. ಮನೆ ಖಾಲಿ ಮಾಡುವಾಗ ಅದೂ ಇಲ್ಲ. ಈಗ ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಾನಂತೆ, ಫ್ಯಾಮಿಲಿ ಪೇಂಟಿಂಗ್ ನೋಡಬೇಕಂತೆ. ನಾನು ಹಲೀನಾರಿಗೆ ಫೋನ್ ಮಾಡಿ ಕೇಳಿದೆ.

"ನೋಡಲಿ. ಆದ್ರೆ ಪ್ರತಿ ಸಲ ಮೊದಲು ಇಲ್ಲಿಗೆ ಬಂದು ನನ್ನ ಕೈಲಿ ಒಂದು ಚೀಟಿ ಬರೆಸಿಕೊಂಡು ಬರಬೇಕು. ಚೀಟಿ ಇಲ್ಲದೆ ಬಾಗಿಲು ತೆಗೀಬೇಡ."

ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿದ್ದವರು, ಕಾಗದಪತ್ರ ಬಿಟ್ಟಾರೆಯೇ ಎಂದುಕೊಂಡೆ.

ಗ್ರೆಗ್ ಚೀಟಿ ಹಿಡಿದು ಬಂದ. ನಲವತ್ತೈದರ ಆಸುಪಾಸು, ಒಳ್ಳೆಯ ಅಂಗಿ, ಕಾಫಿ ಬೇಡವೆಂದ. ನೇರವಾಗಿ ಎಡಮೂಲೆಗೆ ಬಗ್ಗಿದ. "ಇಲ್ಲಿ ಸಹಿ ಇತ್ತಲ್ಲ? ನಾನು ಚಿಕ್ಕವನಿದ್ದಾಗ ತಾತ ತೋರಿಸ್ತಿದ್ರು. ದೊಡ್ಡ ಆರ್ಟಿಸ್ಟ್ ಹೆಸರು."

"ಫ್ರೇಮ್ ಕೆಳಗೆ ಸೇರಿಕೊಂಡಿರಬಹುದು" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆಮ್ಮೆಯಾಗುವಷ್ಟು.

ಮುಂದಿನ ಭಾನುವಾರ ಇನ್ನೊಂದು ಚೀಟಿ, ಜೊತೆಗೆ ಸ್ಕ್ರೂಡ್ರೈವರ್. ಚೌಕಟ್ಟು ಬಿಚ್ಚಿದ. ಅಲ್ಲಿ ಸಹಿ ಇಲ್ಲ. ಆತ ಸುತ್ತಲೂ, ಹಿಂದೂ ಮುಂದೂ ಹುಡುಕುವುದನ್ನು ನೋಡುತ್ತ ನಿಂತವಳಿಗೆ ಇನ್ನು ತಡೆಯಲಾಗಲಿಲ್ಲ. ಹೇಳಿಬಿಟ್ಟೆ.

"ಯೂ ವೈಪ್ಡ್ ಇಟ್?" ಎಂದ. ಇನ್ನೊಂದು ಸಲ ಎಂದ. ಮೂರನೇ ಸಲ ಹೇಳುವಾಗ ಅವನ ಕುತ್ತಿಗೆ ಕೆಂಪಾಗಿತ್ತು. ಲಾಯರ್ ಎಂಬ ಪದ ಬಂತು. ಅಡುಗೆಮನೆಯಿಂದ ಅದಿತಿ ಓಡಿಬಂದು ನನ್ನ ತೋಳು ಹಿಡಿದು, "ಅಮ್ಮಾ, ಸ್ಟಾಪ್. ಇನ್ನೇನೂ ಹೇಳ್ಬೇಡ" ಎಂದಳು. ಅವಳು ನನ್ನ ಪರವಾಗಿ ನಿಂತದ್ದು ಅದೇ ಮೊದಲು. ಅವನು ಹೋದ ಮೇಲೆ ಅವಳು ಸಿಟ್ಟಿನಲ್ಲಿ, "ಹೂ ಈವನ್ ಕ್ಲೀನ್ಸ್ ಅ ಪೇಂಟಿಂಗ್?" ಎಂದು ಕೂಗಿದ್ದರಿಂದ ಲೆಕ್ಕ ಸರಿಹೋಯಿತು.

ಎರಡು ವಾರ ನಾನು ಅನುಭವಿಸಿದ್ದನ್ನು ಬರೆದರೆ ನೀವು ನಗುತ್ತೀರಿ. ಲ್ಯಾಬಿನಲ್ಲಿ ವೈಪ್ಸ್ ಡಬ್ಬಿ ಕಂಡರೆ ಬೀರುವಿನೊಳಗೆ ತಳ್ಳಿ ಬಾಗಿಲು ಹಾಕುತ್ತಿದ್ದೆ. ಹಲೀನಾರ ಎದುರು ಹೋಗಲು ಮುಖವಿರಲಿಲ್ಲ. ಗ್ರೆಗ್ ಅವರಿಗೆ ಹೇಳಿಯೇ ಇರುತ್ತಾನೆ. ಅವರು ಮಾತ್ರ ಒಂದು ಫೋನನ್ನೂ ಮಾಡಲಿಲ್ಲ.

ಮೂರನೇ ಸಲ ಗ್ರೆಗ್ ಚೀಟಿಯ ಜೊತೆಗೆ ಒಬ್ಬ ಹೆಂಗಸನ್ನೂ ಕರೆದುಕೊಂಡು ಬಂದ. ಹಳೆಯ ಚಿತ್ರಗಳನ್ನು ರಿಪೇರಿ ಮಾಡುವವರು, ಹತ್ತಿರದ ರಾಲಿ ಊರಿನವರು. ಹಣೆಗೆ ದೀಪ ಕಟ್ಟಿಕೊಂಡು, ಕಡ್ಡಿಗೆ ಹತ್ತಿ ಸುತ್ತಿ, ನಾನು ಉಜ್ಜಿದ ಮೂಲೆಯನ್ನು ಒಂದು ಗಂಟೆ ಪರೀಕ್ಷಿಸಿದರು. ನಾವಿಬ್ಬರೂ ಆಪರೇಷನ್ ಥಿಯೇಟರಿನ ಹೊರಗೆ ಕಾದವರ ಹಾಗೆ ನಿಂತಿದ್ದೆವು.

ಆಕೆ ದೀಪ ಆರಿಸಿ ನನ್ನ ಕಡೆ ತಿರುಗಿದರು. "ಇಲ್ಲಿ ಬಣ್ಣದ ಮೇಲೆ ಬಳಿದ ವಾರ್ನಿಶ್ ಹಾಗೇ ಇದೆ. ಚಿತ್ರಕಾರ ಮಾಡಿದ ಸಹಿ ಬಣ್ಣದ ಜೊತೆಗೇ ಒಣಗಿ ವಾರ್ನಿಶ್ ಕೆಳಗೆ ಇರತ್ತೆ. ವಾರ್ನಿಶ್ ತಿನ್ನದೆ ನಿಮ್ಮ ವೈಪ್ಸ್ ಅದನ್ನ ಮುಟ್ಟೋಕಾಗಲ್ಲ. ನೀವು ಒರೆಸಿದ್ದು ವಾರ್ನಿಶ್ ಮೇಲಿದ್ದದ್ದು. ಅಂದ್ರೆ ಚಿತ್ರ ಮುಗಿದು ಎಷ್ಟೋ ವರ್ಷ ಆದ್ಮೇಲೆ ಬೇರೆ ಯಾರೋ ಬರೆದದ್ದು."

"ಸುಳ್ಳು ಸಹಿ?" ಎಂದ ಗ್ರೆಗ್.

"ಹೂಂ. ಚಿತ್ರವೇನೋ ಆ ಕಾಲದ್ದೇ. ಯಾರೋ ಊರಿನ ಮೇಷ್ಟ್ರ ಕೈ ಇರಬಹುದು. ಹಸು ಚೆನ್ನಾಗಿ ಬರೆದಿದಾನೆ. ಕೋಟೆ ಸುಮಾರು."

ಆ ಹೆಂಗಸಿನ ಕಾಲಿಗೆ ಬೀಳಬೇಕೆನಿಸಿತು. ಗ್ರೆಗ್ ಚೌಕಟ್ಟನ್ನು ವಾಪಸ್ ಜೋಡಿಸಲೂ ಇಲ್ಲ. ಈ ಸುದ್ದಿ ಹೇಳಿದಾಗ ಡಾಕ್ಟರ್ ಅಂಕಲ್, "ನನಗೆ ಆವತ್ತೇ ಡೌಟ್ ಇತ್ತಮ್ಮ, ಸ್ಕೈ ಸ್ವಲ್ಪ ವೀಕು" ಎಂದರು. ಸೆಲ್ಫಿಯ ಗೆಳತಿ ಅದನ್ನು ಫೇಸ್‌ಬುಕ್ಕಿನಿಂದ ತೆಗೆದಳು.

ಇಷ್ಟಕ್ಕೇ ಮುಗಿಯಲಿಲ್ಲ. ಹಲೀನಾ ಗ್ರೆಗ್‌ಗೆ ಹೇಳಿಕಳಿಸಿದರು: ಚಿತ್ರ ತನಗೆ ಬೇಡವೆಂದು ಅವನು ಅವರ ಮುಂದೆಯೇ ಬರೆದುಕೊಡಬೇಕು, ಮತ್ತು ಅದನ್ನು ತಂದು ಅವರ ಕೋಣೆಯ ಗೋಡೆಗೆ ಹಾಕಿಕೊಡಬೇಕು. ಕಾಗದದ ಮಾತೆಂದ ಕೂಡಲೇ ಬ್ಯಾಂಕಿನವನು ಒಪ್ಪಿದ. ನಾಲ್ಕನೇ ಸಲ ಅವನು ಬಂದಾಗ ಶ್ರೀಧರ ಚೌಕಟ್ಟು ಜೋಡಿಸಿದ. ನಾನು, ಗ್ರೆಗ್ ಇಬ್ಬರೂ ಕೋಟೆಯನ್ನು ಹೊತ್ತುಕೊಂಡು ಹೋದೆವು. ಹಲೀನಾ ಗಾಲಿಕುರ್ಚಿಯಲ್ಲಿ ಕೂತು, "ಎಡಕ್ಕೆ... ಸ್ವಲ್ಪ ಕೆಳಗೆ... ಅಲ್ಲ, ಮೊದಲಿದ್ದದ್ದೇ ಸರಿ" ಎಂದು ಅವನ ಕೈಯಲ್ಲಿ ಅರ್ಧ ಗಂಟೆ ಕೆಲಸ ಮಾಡಿಸಿದರು. ಆಮೇಲೆ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂರಿಸಿ ಕಾಗದ ಬರೆಸಿದರು. ಒಂದು ಅಕ್ಷರ ಸರಿಯಿಲ್ಲವೆಂದು ಹರಿದುಹಾಕಿ ಮತ್ತೆ ಬರೆಸಿದರು. ಅವನು ಕೆನ್ನೆಗೆ ಮುತ್ತುಕೊಟ್ಟಂತೆ ಮಾಡಿ ಹೊರಟುಹೋದ.

ಬಾಗಿಲು ಮುಚ್ಚಿತು. ನಾನು ಮಂಚದ ತುದಿಯಲ್ಲಿ ಕೂತು, ಕ್ಷಮೆ ಕೇಳಲು ಇಷ್ಟು ದಿನದಿಂದ ಕಟ್ಟಿಟ್ಟಿದ್ದ ಮಾತನ್ನು ಬಿಚ್ಚಿದೆ. ಅರ್ಧಕ್ಕೇ ಅವರು ಕೈಯೆತ್ತಿದರು.

"ಆ ಸಹಿ ಬರೆದದ್ದು ನಮ್ಮಪ್ಪ. ಬಾಲ್ಟಿಮೋರಿನಲ್ಲಿ ಅಂಗಡಿಗಳಿಗೆ ಬೋರ್ಡು ಬರೀತಿದ್ದ. ಒಂದು ಸಲ ಸ್ನೇಹಿತರ ಮುಂದೆ ಜಂಬ ಕೊಚ್ಚಿಕೊಳ್ಳೋಕೆ ಲೈಬ್ರರಿ ಪುಸ್ತಕದಿಂದ ಒಂದು ಹೆಸರು ಹುಡುಕಿ ಬರೆದ. ಪಕ್ಕದಲ್ಲಿ ಬಣ್ಣದ ಡಬ್ಬಿ ಹಿಡ್ಕೊಂಡು ನಿಂತಿದ್ದವಳು ನಾನೇ. ಎಂಟು ವರ್ಷ ನನಗೆ."

 ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿಮಗೆ ಮೊದಲಿಂದ ಗೊತ್ತಿತ್ತು! ಅವನು ನನ್ನನ್ನ ಕೋರ್ಟಿಗೆ ಎಳೀತೀನಿ ಅಂದ. ಊಟ ಸೇರಿಲ್ಲ ನನಗೆ. ಒಂದು ಮಾತು ಹೇಳೋಕೇನಾಗಿತ್ತು ಹಲೀನಾ? ಅಷ್ಟಕ್ಕೂ ಅವನಿಗೆ ಈ ಚಿತ್ರದ ವಿಷಯ ಹೇಳಿದ್ದು ಯಾರು?"

"ನಾನೇ. ಮ್ಯೂಸಿಯಂಗೆ ಹೋಗೋದಂತೆ ಅಂತ ಫೋನ್ ಮಾಡಿದೆ."

"ಯಾಕೆ?"

 ಮಡಿಲಲ್ಲಿದ್ದ ಕಾಗದವನ್ನು ಎರಡು ಮಡಿಕೆ ಮಾಡಿದರು. ಗೆರೆಗೆ ಗೆರೆ ಕೂಡಿಸಿ, ಉಗುರಿನಲ್ಲಿ ಒತ್ತಿ.

"ಅವನ ಮೂಗು ನೋಡಿದೆಯಾ ಸೂ?"

"ಮೂಗಾ?"

"ನಮ್ಮಣ್ಣನ ಮೂಗು. ಹಾಗೇ, ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಅಣ್ಣ ಹೋಗಿ ಹನ್ನೆರಡು ವರ್ಷ ಆಯ್ತು. ಬಾಲ್ಟಿಮೋರಿನಲ್ಲಿ ನಾವಿಬ್ಬರೂ ಒಂದೇ ಮೇಜಿನ ಎರಡು ಕಡೆ ಕೂತು ಹೋಮ್‌ವರ್ಕ್ ಬರೀತಿದ್ವಿ. ಅವನು ಯೋಚನೆ ಮಾಡುವಾಗ ಮೂಗಿನ ತುದಿ ಸ್ವಲ್ಪ ಕೆಳಗೆ ಇಳಿಯುತ್ತಿತ್ತು. ಇವನಿಗೂ ಇಳಿಯುತ್ತೆ, ಬರೆಯುವಾಗ." ಅವರು ಖಾಲಿ ಕುರ್ಚಿಯ ಕಡೆ ನೋಡಿದರು. "ಸುಮ್ನೆ ಬಾ ಅಂದ್ರೆ ಬರ್ತಿರಲಿಲ್ಲ. ಆ ಮೂಗು ನೋಡೋಕೆ ನಾಲ್ಕು ಸಲ ಸಿಕ್ತು. ಕಿಟಕಿ ಪಕ್ಕ ಕೂರಿಸ್ತಿದ್ದೆ, ಬೆಳಕಿನಲ್ಲಿ ಚೆನ್ನಾಗಿ ಕಾಣಲಿ ಅಂತ."

ಗ್ರೆಗ್‌ನ ಬಗ್ಗೆ ನನ್ನ ನಾಲಗೆಯ ತುದಿಯಲ್ಲಿ ಒಂದು ಮಾತು ಸಿದ್ಧವಾಗಿತ್ತು. ಬಹಳ ಒಳ್ಳೆಯ ಮಾತು, ಈಗಲೂ ನೆನಪಿದೆ. ಅದನ್ನು ಹಾಗೇ ನುಂಗಿ, ಆ ಖಾಲಿ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು ಕೂತೆ.

"ಐದನೇ ಸಲಕ್ಕೆ ಏನು ಹೇಳೋಣ?" ಎಂದೆ.

ಹಲೀನಾ ಕನ್ನಡಕ ಸರಿಮಾಡಿಕೊಂಡು ಗೋಡೆಯನ್ನು ಪರೀಕ್ಷಿಸಿದರು.

"ಫ್ರೇಮ್ ಬಗ್ಗೆ ಇನ್ನೂ ಯಾರೂ ಏನೂ ಹೇಳಿಲ್ಲವಲ್ಲ" ಎಂದರು.